ಪಾದರಸ ಮತ್ತು ಜೇಡಿಮಣ್ಣು

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ನರ್ಸುಗಳಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವಳು ‘ಪಾದರಸ’. ತಪ್ಪೇನಿಲ್ಲ ಬಿಡಿ. ಕೂತಲ್ಲಿ ಕೂರುವ, ನಿಂತಲ್ಲಿ ನಿಲ್ಲುವ ಜೀವವೇ ಅಲ್ಲ ಅದು. ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತದೆ. ಇಲ್ಲಿಗೆ ಬರುವ ಮೊದಲು ಹತ್ತು ವರ್ಷ ಹೊಳೆದಂಡೆಯ ಶಾಲೆಯೊಂದರಲ್ಲಿ ತೋಟ ನೋಡಿಕೊಂಡವಳು. ಅಲ್ಲಿನ ಮರಳುಮಣ್ಣಿಗೆ ಈ ಸ್ವಭಾವ ಹೇಳಿ ಮಾಡಿಸಿದಂತಿತ್ತು. ಬೆಳಿಗ್ಗೆ ಬಿಟ್ಟ ನೀರು ಮಧ್ಯಾಹ್ನಕ್ಕೆ ಮಾಯ, ಹಾಕಿದ ಗೊಬ್ಬರ ನಾಲ್ಕೇ ದಿನಕ್ಕೆ ಖಾಲಿ. ದಿನಾ ಉಣಿಸುತ್ತ ಇದ್ದರೇ ಗಿಡ ಉಳಿಯುವುದು.

ಆಸ್ಪತ್ರೆಯ ಮುಂದಿನ ಉದ್ದನೆಯ ಪಾತಿಯಲ್ಲಿದ್ದದ್ದು ಜೇಡಿಮಣ್ಣು. ಕೆಲಸ ಕೊಡುವಾಗಲೇ ದೊಡ್ಡ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ಆರು ತಿಂಗಳು ನೋಡ್ತೀನಮ್ಮ. ಈ ಮಣ್ಣಲ್ಲಿ ಗಿಡ ಬರೋ ಹಾಗಾದ್ರೆ ಸರಿ. ಇಲ್ಲಾಂದ್ರೆ ಕಲ್ಲು ಹಾಸಿಸಿ ಗಾಡಿ ನಿಲ್ಲಿಸೋಕೆ ಜಾಗ ಮಾಡಿಸ್ತೀನಿ." ಕಲ್ಲು ಬಿದ್ದರೆ ಮಾಲಿ ಕೆಲಸ ಹೋಯಿತು. ಕೆಲಸದ ಜೊತೆ ಹಿಂದಿನ ಗೇಟಿನ ಪಕ್ಕದ ಒಂದು ಕೋಣೆಯ ಮನೆಯೂ ಹೋಯಿತು. ಆ ಕೋಣೆಯಲ್ಲಿ ಅವಳ ಜೊತೆ ಇರುವವರು ಅತ್ತೆ ಒಬ್ಬರೇ. ಮಂಡಿ ಸೋತಿದೆ, ಬಾಯಿ ಮಾತ್ರ ಗಟ್ಟಿ.

ಅವಳು ಕಾಲಿಗೆ ಚಕ್ರ ಕಟ್ಟಿಕೊಂಡೇ ಶುರು ಮಾಡಿದಳು. ದಿನಕ್ಕೆರಡು ಸಲ ನೀರು. ಮಣ್ಣು ಒದ್ದೆ ಇರುವಾಗಲೇ ಅಗೆತ. ಸಸಿ ಹಳದಿಯಾದರೆ ಇನ್ನಷ್ಟು ಗೊಬ್ಬರ, ಬಾಡಿದರೆ ಇನ್ನಷ್ಟು ನೀರು. ಬೇರು ಕೊಳೆತು ಎಲ್ಲವೂ ಸತ್ತವು. ಆಗ ಹೊಳೆಯಿತು: ಅಯ್ಯೋ, ಮರಳಿಲ್ಲ ಅಂತ ತಾನೇ ಈ ಗೋಳೆಲ್ಲ! ಹೊಸ ವಾರ್ಡು ಕಟ್ಟಿದ ಕಡೆ ಉಳಿದಿದ್ದ ಮರಳನ್ನು ಕೇಳಿಕೊಂಡು, ನಲವತ್ತು ಬುಟ್ಟಿ ಹೊತ್ತು ತಂದು ಪಾತಿಗೆ ಸುರಿದು, ನೀರು ಬಿಟ್ಟು, ಕಾಲಿನಿಂದ ತುಳಿದು ಕಲಸಿದಳು. ಒಂದು ವಾರ ಚೆನ್ನಾಗಿ ಬಿಸಿಲು ಕಾಯಿತು. ಎಂಟನೆಯ ದಿನ ಗುದ್ದಲಿ ಹಾಕಿದರೆ ಠಣ್ ಎಂದಿತು.

ಒಂದು ಹೆಂಟೆ ಎತ್ತಿಕೊಂಡು ಮನೆಗೆ ಓಡಿದಳು. ಅತ್ತೆ ವಯಸ್ಸಿನ ಕಾಲವನ್ನೆಲ್ಲ ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿದು ಕಳೆದವರು. ಹೆಂಟೆಯನ್ನು ಉಗುರಿನಿಂದ ಕೆರೆದು, ನೆಲಕ್ಕೆ ಕುಟ್ಟಿ, ಸೊಸೆಯ ಮುಖ ನೋಡಿದರು.

"ಏನೇ ಹಾಕ್ದೆ ಇದಕ್ಕೆ?"

"ಮರಳು ಅತ್ತೆ. ನೀರು ಬಿಟ್ಟು ತುಳಿದೆ."

"ಭೇಷ್! ನಾನು ನಲವತ್ತು ವರ್ಷ ಮಾಡಿದ್ದೂ ಅದೇ ಕಣೇ. ಜೇಡಿಗೆ ಮರಳು ಹಾಕಿ ತುಳಿದ್ರೆ ಇಟ್ಟಿಗೆ ಆಗುತ್ತೆ, ತೋಟ ಎಲ್ಲಿಂದ ಆಗ್ಬೇಕು? ಇನ್ನು ಬೆಂಕಿ ಒಂದು ಹಾಕ್ಬಿಡು, ಮನೇನೇ ಕಟ್ಕೊಬಹುದು."

ಅವಳಿಗೆ ನಗು ಬರಲಿಲ್ಲ. ಅಲ್ಲೇ ಕುಸಿದು ಅತ್ತುಬಿಟ್ಟಳು. ಅತ್ತೆ ಬೈಗುಳ ನಿಲ್ಲಿಸದೆಯೇ ಕುಂಟುತ್ತ ಪಾತಿಯವರೆಗೆ ಬಂದರು. ನೀರು ಚಿಮುಕಿಸಿ ಮಣ್ಣನ್ನು ಹೊಸೆದು ಬಳೆಯ ಹಾಗೆ ಬಾಗಿಸಿದರು. ಬಿರುಕೇ ಬಿಡಲಿಲ್ಲ.

"ನೋಡು, ಎಷ್ಟು ಅಂಟು. ಇದು ನೀರೂ ಬಿಟ್ಕೊಡಲ್ಲ, ಗಾಳೀನೂ ಒಳಗೆ ಬಿಡಲ್ಲ. ಗೂಡಲ್ಲಿ ಎಲೆ ಕಡ್ಡಿ ಸೇರಿ ಕೊಳೆತ ಮಣ್ಣನ್ನ ನಾವು ಪಕ್ಕಕ್ಕೆ ಎಸೀತಿದ್ವಿ, ಅಚ್ಚಲ್ಲಿ ನಿಲ್ಲದೆ ಉದುರುತ್ತೆ ಅಂತ. ಆ ಗುಡ್ಡೆ ಮೇಲೇ ಹುಲ್ಲು ಸೊಂಟದುದ್ದ ಬರ್ತಿತ್ತು. ಅಂಥ ಮಣ್ಣು ಬೇಕು ನಿಂಗೆ."

"ಎಷ್ಟು ದಿನ ಬೇಕು ಅತ್ತೆ?"

"ನಾಲ್ಕು ತಿಂಗಳು. ಒಂದು ಸಲ ಕೆದಕು, ಹದವಾಗಿ ಆರಿದಾಗ. ಆಮೇಲೆ ಕಾಲೂ ಇಡಬೇಡ, ಕೈಯೂ ಹಾಕಬೇಡ."

ಹೆಂಟೆ ಒಡೆದು, ಕೊಳೆತ ಎಲೆಯನ್ನೂ ಸಗಣಿಗೊಬ್ಬರವನ್ನೂ ಬುಟ್ಟಿಗಟ್ಟಲೆ ಬೆರೆಸಿದಳು. ಹಸಿರು ಗೊಬ್ಬರಕ್ಕೆಂದು ಕಾಳು ಚೆಲ್ಲಿ, ಬೆಳೆದದ್ದನ್ನು ಹೂ ಬಿಡುವ ಹೊತ್ತಿಗೆ ಕೊಯ್ದು ಅಲ್ಲೇ ಹಾಸಿ, ಮೇಲೆ ಒಣಗಿದ ಎಲೆ ಹೊದಿಸಿದಳು. ಅಲ್ಲಿಂದ ಮುಂದೆ ನೋಡಿ ನರಕ. ಮೈಮೇಲೆ ಇರುವೆ ಬಿಟ್ಟ ಹಾಗೆ ಒದ್ದಾಡಿದಳು. ಪೈಪು ತೊಳೆದಳು, ಕತ್ತರಿ ಮಸೆದಳು, ಯಾರೂ ಹೇಳದಿದ್ದರೂ ಕಿಟಕಿ ಒರೆಸಿದಳು. ಒಮ್ಮೆ ಎಲೆ ಸರಿಸಿ ಇಣುಕಲು ಬಗ್ಗಿದವಳಿಗೆ "ತೆಗಿಯೇ ಕೈ!" ಎಂಬ ಅತ್ತೆಯ ಕೂಗು ಕೇಳಿ ಜೀವವೇ ಹಾರಿತು. "ಪಾದರಸ ಕಸಕ್ಕೆ ಕಾವಲು ಕೂತಿದ್ದಾಳೆ" ಎಂದು ನರ್ಸುಗಳು ಆಡಿಕೊಂಡರು.

ಗಡುವಿನ ದಿನ ದೊಡ್ಡ ಡಾಕ್ಟರು ಕಲ್ಲು ಹಾಸುವ ಮೇಸ್ತ್ರಿಯನ್ನೂ ಕರೆದುಕೊಂಡೇ ಬಂದರು. ಪಾತಿಯ ತುಂಬ ಒಣ ಎಲೆ, ಹೆಸರಿಗೊಂದು ಹೂವಿಲ್ಲ.

"ಇದೇನಮ್ಮ? ಇಷ್ಟು ದಿನ ಏನ್ಮಾಡ್ದೆ?"

ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. "ಏನೂ ಮಾಡ್ಲಿಲ್ಲ ಸಾರ್. ತುಂಬಾ ಕಷ್ಟ ಆಯ್ತು ಸಾರ್" ಎಂದಳು.

ಡಾಕ್ಟರು ಮೇಸ್ತ್ರಿಗೆ ಕೈಸನ್ನೆ ಮಾಡಿದರು. ಅವನು ಕಬ್ಬಿಣದ ಸಲಾಕೆ ಊರಿದ. ಅದು ಸರಕ್ಕನೆ ಒಂದು ಗೇಣು ಇಳಿಯಿತು. ಇನ್ನೊಂದು ಕಡೆ ಊರಿದ, ಅಲ್ಲೂ ಇಳಿಯಿತು.

"ಸಾರ್, ಇಲ್ಲಿ ಕಲ್ಲು ನಿಲ್ಲಲ್ಲ, ಕುಸಿದ್ಹೋಗುತ್ತೆ. ಮಣ್ಣು ತುಂಬಾ ಮೆದು."

"ಏನಯ್ಯಾ ಹೇಳ್ತೀಯ? ಆರು ತಿಂಗಳ ಹಿಂದೆ ನಾನು ನಡೆದಾಗ ರಸ್ತೆ ಥರ ಇತ್ತಲ್ಲ!" ಡಾಕ್ಟರು ತಾವೇ ಬಗ್ಗಿ ಎಲೆ ಸರಿಸಿ ಒಂದು ಮುಷ್ಟಿ ಮಣ್ಣು ಹಿಂಡಿದರು. ಕಪ್ಪಗಿತ್ತು. ಬೆರಳು ಬಿಚ್ಚಿದೊಡನೆ ಪುಡಿಪುಡಿಯಾಗಿ ಉದುರಿತು. ಕೈ ಕೊಡವಿಕೊಂಡು ಅವಳತ್ತ ತಿರುಗಿದರು.

"ಕಲ್ಲು ಬೇಡ. ಸಸಿ ತಂದು ಹಾಕಮ್ಮ."

ಅವಳ ಕೈಕಾಲೇ ಆಡಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಓಡೇ! ನಾಲ್ಕು ತಿಂಗಳು ನಿನ್ನ ಹಿಡಿದು ಕೂರಿಸೋಕೆ ನನ್ನ ಪ್ರಾಣ ಹೋಯ್ತು. ಈಗ ಹೋಗಿ ಕಂಬದ ಥರ ನಿಂತ್ಯಲ್ಲೇ!"