ಮೊದಲು ಹುಂಜನ್ನ ನೋಡದು

ಆಚೆಮನೆ ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಯಾವುದೋ ಕಾಲದಲ್ಲಿ ಹುಂಜವೊಂದು ಕಾಲಿನ ಮುಳ್ಳಿನಿಂದ ಗೀರಿತ್ತಂತೆ, ಆಮೇಲೆ ಕೂಡಿ ಬೆಳೆಯಲೇ ಇಲ್ಲ. ಆ ಉಗುರಿನಲ್ಲೇ ಅವರು ಮೊಟ್ಟೆ ಒಡೆಯುತ್ತಿದ್ದರು. ಅಡುಗೆಮನೆಯ ಗಾಜಿನ ಹಂಚಿನಿಂದ ಬಿಸಿಲು ಕೋಲಾಗಿ ಇಳಿಯುತ್ತಿತ್ತು, ಅದರೊಳಗೆ ಒಲೆಯ ಹೊಗೆ ನಿಧಾನಕ್ಕೆ ಸುತ್ತುತ್ತಿತ್ತು, ಕೆಳಗೆ ಬಿಳಿ ಪಿಂಗಾಣಿ ತಟ್ಟೆ. ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ, ಸದ್ದೇ ಇಲ್ಲದ ಕನಸಿನ ಹಾಗೆ.

ನಾನು ಭಂಡಿಗಡಿಗೆ ಸೊಸೆಯಾಗಿ ಬಂದು ಕೆಲವು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಅತ್ತೆ ಕೆಟ್ಟವರಲ್ಲ. ಆದರೆ ಹರಕೆ, ಕಷಾಯ, ಕೊಪ್ಪದ ಡಾಕ್ಟರು, ಶಿವಮೊಗ್ಗದ ಡಾಕ್ಟರು, ಎಲ್ಲವೂ ನನ್ನೊಬ್ಬಳ ಪಾಲಿಗೇ. ಹೆಂಗಸರ ನೋಟ ತಪ್ಪಿಸಿಕೊಳ್ಳಲು ಬೇಲಿ ದಾಟಿ ದೊಡ್ಡಮ್ಮನ ಹಿತ್ತಲಿಗೆ ಹೋಗುತ್ತಿದ್ದೆ. ಅವರು ಏನೂ ಕೇಳುತ್ತಿರಲಿಲ್ಲ. ಕೈಗೆ ನುಚ್ಚಕ್ಕಿ ಕೊಟ್ಟು, "ಹಾಕು ಮಗಾ" ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಅವರು ಹಳೇ ಹುಂಜವನ್ನು ಮಾರಿ, ಹೊಸದಾಗಿ ಮರಿ ಮಾಡಿಸಬೇಕೆಂದು ಕೆಂಚು ಬಣ್ಣದ ಎಳೆ ಹುಂಜವೊಂದನ್ನು ತಂದಿದ್ದರು. ನನಗೋ ಅವಸರ. ಕಾವಿಗೆ ಇಡಿ ಅಂತ ಪೀಡಿಸುತ್ತಿದ್ದೆ.

"ಕೂಗಿದ ಕೂಡ್ಲೆ ಆಯ್ತನೆ ಮಾರಾಯ್ತಿ? ಹಳೇ ಹುಂಜನ ಋಣ ಹೇಂಟೆ ಮೈಯಲ್ಲಿ ಇನ್ನೂ ಇರ್ತದೆ. ಅದು ತೀರ್ಲಿ, ಆಮೇಲೆ ಒಡೆದು ನೋಡನ."

ಕಾದೆವು. ಅಂಗಳದ ಬಿಸಿಲು, ಕೋಳಿಗಳ ಕೊಕ್ಕೊಕ್ ಸದ್ದು, ತೂಕಡಿಕೆ, ಹೀಗೇ ದಿನಗಳು ಜಾರಿದವು. ಒಂದು ಬೆಳಿಗ್ಗೆ ಒಡೆದರು. ಹುಂಜ ಫಲವುಳ್ಳದ್ದಾದರೆ ಹಳದಿಯ ಮೇಲಿನ ಬಿಳಿ ಚುಕ್ಕೆಯ ಸುತ್ತ ಸಣ್ಣ ಬಳೆಯಂಥ ಗೆರೆ ಕಾಣಬೇಕು. ಬರೀ ಚುಕ್ಕೆ ಇತ್ತು. ಬೇರೆ ಹೇಂಟೆಯ ಮೊಟ್ಟೆ ಒಡೆದರು. ಅದೂ ಹಾಗೇ.

ಅಷ್ಟರಲ್ಲಿ ಅತ್ತೆ ನನ್ನನ್ನು ಕರೆಯಲು ಬಂದರು. ನೆಮ್ಮಾರಿನಲ್ಲಿ ಯಾರೋ ಬೇರು ಕೊಡುತ್ತಾರಂತೆ. ಹಿಂದೆ ನನ್ನ ಗಂಡ, ಕೈಯಲ್ಲಿ ಜೀಪಿನ ಕೀ. ತಟ್ಟೆ ನೋಡಿದ ಅತ್ತೆ, "ಹೇಂಟೆದೇ ದೋಷ ಇರ್ಬೇಕು ಅಕ್ಕ, ಯಾರಿಗಾದ್ರೂ ಕೊಟ್ಬಿಡಿ" ಎಂದರು.

"ನಾನು ಮೊದ್ಲು ಹುಂಜನ್ನ ನೋಡದು" ಎಂದು ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ನನ್ನ ಗಂಡನ ಕಡೆ ತಿರುಗಿದರು. "ನಿನ್ನ ಯಾರಾದ್ರೂ ಪರೀಕ್ಷೆ ಮಾಡಿದಾರನ ಮಾರಾಯ?"

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಗಂಡ ತಟ್ಟೆಯನ್ನೇ ನೋಡುತ್ತ, "ಇಲ್ಲ ದೊಡ್ಡಮ್ಮ" ಎಂದರು.

ಮುಂದಿನ ವಾರ ಇಬ್ಬರೂ ಶಿವಮೊಗ್ಗದ ಡಾಕ್ಟರ ಹತ್ತಿರ ಹೋದೆವು. ಕೊರತೆ ಗಂಡನದ್ದು, ಔಷಧಿಗೆ ಬಗ್ಗುವಂಥದ್ದೂ ಅಲ್ಲ. ದಾರಿಯಲ್ಲಿ ಜೀಪು ನಿಲ್ಲಿಸಿ ಬಿಕ್ಕಿದರು. ಮನೆಗೆ ಬಂದು ತಾಯಿಗೆ ತಾವೇ ಹೇಳಿದರು. ಅತ್ತೆ ಕಷಾಯದ ಪಾತ್ರೆ ತೊಳೆದು ಕವುಚಿಟ್ಟರು. ನಮಗೆ ಮಕ್ಕಳಾಗಲಿಲ್ಲ. ಆದರೆ ಬಂಜೆ ಅನ್ನುವ ಮಾತು ನನ್ನ ಬೆನ್ನು ಬಿಟ್ಟಿತು. ದೊಡ್ಡಮ್ಮನ ಆ ಋಣ ನಾನು ಯಾವ ಜನ್ಮದಲ್ಲೂ ತೀರಿಸಲಾರೆ.

ಆಮೇಲೊಮ್ಮೆ ನನ್ನ ಗಂಡನೇ ಹೆದರುತ್ತ ಕೇಳಿದ್ದರು, "ಆ ಕೆಂಚನ್ನ ಸಾರು ಮಾಡ್ತೀರಾ ದೊಡ್ಡಮ್ಮ?"

"ಯಾಕೆ? ಬೆಳಿಗ್ಗೆ ಚಂದ ಕೂಗ್ತದಲ್ಲ, ಇರ್ಲಿ."

ಹೋದ ವರ್ಷ ದೊಡ್ಡಮ್ಮ ಮಧ್ಯಾಹ್ನದ ನಿದ್ದೆಯಲ್ಲೇ ತೀರಿಕೊಂಡರು. ಕೋಳಿಗಳು ನಮ್ಮ ಹಿತ್ತಲಿಗೆ ಬಂದವು, ಮುದುಕನಾದ ಕೆಂಚನೂ ಬಂದ. ಮೊನ್ನೆ ಹೊಸ ಹುಂಜನ ಪರೀಕ್ಷೆ. ನಾನು ಮೊಟ್ಟೆ ಒಡೆದೆ, ಗಂಡ ತಟ್ಟೆಯನ್ನು ಬಿಸಿಲಿಗೆ ಹಿಡಿದರು. ಚುಕ್ಕೆಯ ಸುತ್ತ ಬಳೆ ಸ್ಪಷ್ಟವಾಗಿತ್ತು. ಅವರು ತಟ್ಟೆ ಕೆಳಗಿಟ್ಟು, ನುಚ್ಚು ತೆಗೆದುಕೊಂಡು, ಹೊಸ ಹುಂಜವನ್ನು ದಾಟಿ ಕೆಂಚನ ಹತ್ತಿರ ಹೋಗಿ ಕೂತರು.

"ಮೊದ್ಲು ನೀನು ತಿನ್ನು ಮಾರಾಯ" ಎಂದರು.