ನೀರುಕಾಗೆ ಕೂತ ದಿಮ್ಮಿ

ಕೆರೆಯ ಕೆಸರಿನ ವಾಸನೆ ನಿಮಗೆ ಗೊತ್ತೇ? ಆ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಕೈ ತಾನಾಗಿ ಕಬ್ಬಿಣದ ಗಡಾರಿ ಹುಡುಕುತ್ತದೆ. ಮೊನ್ನೆ ಭಾನುವಾರ ಹೆಂಡತಿಯ ಜೊತೆ ಊರಿನ ಕೆರೆಗೆ ಹೋದಾಗಲೂ ಹಾಗೇ ಆಯಿತು. ಚಿಕ್ಕಯ್ಯನಛತ್ರದ ಕಡೆಯ ಆ ಕೆರೆ ಈಗ ಹಕ್ಕಿಗಳ ರಕ್ಷಿತ ತಾಣ. ಕಾಲಿಗೆ ಕೆಸರು ತಾಗದ ಹಾಗೆ ಜೊಂಡಿನ ಮೇಲೆ ಹಲಗೆಯ ದಾರಿ ಕಟ್ಟಿದ್ದಾರೆ. ಎರಡು ಕಡೆಯೂ ಕೈಯಾಸರೆಗೆ ಕಟಾಂಜನ. ಮಂಡಿ ನೋಯುವವರೂ ಆರಾಮಾಗಿ ನಡೆಯಬಹುದು.

"ನಮ್ಮೂರ್ ಕೆಸ್ರು ದಾಟಕ್ಕೂ ಸೇತ್ವೆ ಬೇಕಾಯ್ತಾ ಇವ್ರಿಗೆ?" ಎಂದಳು ಹೆಂಡತಿ. ನಾನು ಕುಕ್ಕರುಗಾಲಲ್ಲಿ ಕೂತು ಹಲಗೆ ತಟ್ಟುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನು; ನನ್ನ ಕೈಯ ಬಾಗಿಲಿಲ್ಲದ ಬೀದಿ ನಂಜನಗೂಡಿನಲ್ಲಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುವವನು. "ತೇಗ. ಒಳ್ಳೆ ಮಾಲು" ಎಂದು ತೀರ್ಪು ಕೊಟ್ಟೆ.

"ಪ್ಲಾಸ್ಟಿಕ್ಕು ಸಾ ಅದು" ಎಂದ ಹಿಂದೆ ನಿಂತಿದ್ದ ಕಾವಲುಗಾರ.

ಹೆಂಡತಿ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ನಾಚಿಕೆಯಿಂದ ನೀರಿನ ಕಡೆ ಮುಖ ತಿರುಗಿಸಿದೆ. ಅಲ್ಲಿ ಒಂದು ಕಪ್ಪು ದಿಮ್ಮಿಯ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ದಿಮ್ಮಿಯ ತುದಿಯಲ್ಲಿ ಮೂರು ಗೀಟು, ಅದರ ಮೇಲೊಂದು ಅಡ್ಡಗೀಟು. ನನ್ನ ಉಳಿಯ ಗುರುತು! ಕಟಾಂಜನದ ಮೇಲೆ ಬಾಗಿ ಮತ್ತೊಮ್ಮೆ ಎಣಿಸಿದೆ.

"ಕಂಬ ನೆಡುವಾಗ ಮಿಷಿನ್ನಿಗೆ ಸಿಕ್ತು ಸಾ. ಹಕ್ಕಿ ಕೂರ್ಲಿ ಅಂತ ಬಿಟ್ಟವ್ರೆ" ಎಂದ ಕಾವಲುಗಾರ.

ನಮ್ಮ ಕಡೆ ಬೇವಿನ ಮರ ಕಡಿದರೆ ಹಸಿ ದಿಮ್ಮಿಯನ್ನು ಕೆರೆಯ ಕೆಸರಿನಲ್ಲಿ ಹೂಳುತ್ತಿದ್ದೆವು. ಒಂದೆರಡು ವರ್ಷ ಕೊಳೆತ ನೀರು ಕುಡಿದರೆ ಮತ್ತೆ ಹುಳ ಮುಟ್ಟುವುದಿಲ್ಲ. ಕದಿಯುವವರಿದ್ದರಲ್ಲ, ಜಾಗವನ್ನು ಯಾರಿಗೂ ಹೇಳುತ್ತಿರಲಿಲ್ಲ. ಅಣ್ಣನ ಹೊಸ ಮನೆಯ ಬಾಗಿಲವಾಡಕ್ಕೆಂದು ಈ ದಿಮ್ಮಿ ಹೂತದ್ದು ನಾನೂ ಅವನೂ ಇಬ್ಬರೇ. ಮರುವರ್ಷ ಕೆರೆ ತುಂಬಿ ಕೋಡಿ ಬಿತ್ತು, ಕೆಸರೆಲ್ಲ ಕದಲಿತು. ಬೇಸಿಗೆಯಲ್ಲಿ ಹೋಗಿ ಗಡಾರಿಯಿಂದ ಎಷ್ಟು ಚುಚ್ಚಿದರೂ ದಿಮ್ಮಿ ಇಲ್ಲ. ಗ್ರಹಚಾರ ನೋಡಿ, ಅದೇ ತಿಂಗಳು ನಂಜನಗೂಡಿನಲ್ಲಿ ನನ್ನ ಮನೆಗೆ ಹೊಸ್ತಿಲು ಇಟ್ಟಿದ್ದೆ. ಅದೂ ಬೇವಿನದೇ.

ಅಣ್ಣ ಅರಳಿಕಟ್ಟೆಯಲ್ಲಿ ಎಲ್ಲರೆದುರು ಕೇಳಿದ: "ನಿನ್ ಒಸ್ಲು ಯಾವ್ ಮರದ್ದು, ಏಳ್ಲಾ!"

"ಬಂದು ಕೆತ್ತಿ ನೋಡ್ಕೊ" ಎಂದೆ. ಅವನು ಬರಲಿಲ್ಲ. ನನ್ನ ಮಗಳ ಮದುವೆಗೂ ಆ ಹೊಸ್ತಿಲು ದಾಟಲಿಲ್ಲ.

ಈಗ ಹಲಗೆಯ ದಾರಿಯಲ್ಲೇ ನಿಂತು ಅಣ್ಣನಿಗೆ ಫೋನು ಮಾಡಿದೆ. ಇಷ್ಟು ವರ್ಷ ಮಸೆದಿಟ್ಟ ಮಾತುಗಳಿದ್ದವು. ಆದರೆ ಬಾಯಿಗೆ ಬಂದದ್ದು ಇಷ್ಟೇ: "ಅಣ್ಣಾ, ದಿಮ್ಮಿ ಸಿಕ್ತು."

"ಗೊತ್ತು ಕಣ್ಲಾ" ಎಂದ. "ಓದ್ ಬ್ಯಾಸ್ಗೇಲೇ ನೋಡ್ದೆ."

ನನಗೆ ದಿಮ್ಮಿ ಕಂಡಾಗ ಆದ ಆಘಾತ ಇದರ ಮುಂದೆ ಏನೂ ಅಲ್ಲ. ಒಂದು ವರ್ಷ! ಗೊತ್ತಿದ್ದೂ ಒಂದು ವರ್ಷ!

"ಮತ್ಯಾಕಣ್ಣ ಏಳ್ಲಿಲ್ಲ?"

"ಯಾವ್ ಮೊಕ ಒತ್ಕೊಂಡು ನಿನ್ ಒಸ್ಲು ತುಳೀಲೋ? ಮೂರ್ ಸಲ ನಂಜನಗೂಡ್ ಬಸ್ಸತ್ತಿ, ಬಸ್ ಸ್ಟ್ಯಾಂಡಿಂದ್ಲೇ ವಾಪಸ್ ಬಂದಿವ್ನಿ."

ಬೈಯಬೇಕೆಂದು ಬಾಯಿ ತೆರೆದೆ. ಪಕ್ಕದಲ್ಲಿ ಹೆಂಡತಿಯ ನಗು ಆಗಲೇ ನಿಂತಿತ್ತು. "ಕರೀರಿ" ಎಂದು ಮೊಣಕೈಯಿಂದ ತಿವಿದಳು.

"ಕೆರೆತಾವ್ಕೆ ಬಾ ಅಣ್ಣ, ಇಲ್ಲೇ ಇರ್ತೀವಿ" ಎಂದೆ. "ಹಲ್ಗೆ ದಾರಿ, ಮಂಡಿ ನೋಯಕಿಲ್ಲ. ಇಲ್ಲಿ ಒಸ್ಲೇ ಇಲ್ಲ ಕಣಣ್ಣ."

ಆ ಕಡೆಯಿಂದ ಅಣ್ಣ ಊರುಗೋಲು ಊರಿ ಎದ್ದ ಸದ್ದು ಕೇಳಿಸಿತು.

ಗಾಳಿಗೆ ಮತ್ತೆ ಕೆಸರಿನ ವಾಸನೆ ಬಂತು. ಕಟಾಂಜನವನ್ನು ಅಲ್ಲಾಡಿಸಿ ನೋಡಿದೆ, ಅಣ್ಣನ ಭಾರ ತಡೆದೀತೇ ಎಂದು. ಪ್ಲಾಸ್ಟಿಕ್ಕೇ ಇರಲಿ, ಗಟ್ಟಿಯಾಗಿತ್ತು.