ಪೂಜೆಗೆ ಕೂತ ಬೆಲ್ಟುಗಳು

ಕಟ್ಟಡ ಕೆಲಸದವರಿಗೆ ಸುರಕ್ಷತೆಯ ಪದಗಳನ್ನು ಕನ್ನಡದಲ್ಲಿ ಮಾಡಿಕೊಡಬೇಕೆಂದು ನನ್ನನ್ನು ಕರೆಸಿದವರಿಗೆ ಬೇಕಾಗಿದ್ದದ್ದು ಒಂದು ಬೋರ್ಡು. ಅದನ್ನು ಯಾರು ಓದುತ್ತಾರೆ, ಓದಿದರೆ ತಿಳಿಯುತ್ತದೆಯೇ ಎಂಬ ಪ್ರಶ್ನೆ ಅವರ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವಳು, ಕನ್ನಡ ಮರಾಠಿ ಎರಡೂ ಬರುತ್ತವೆ, ಅಗ್ಗಕ್ಕೆ ಸಿಗುತ್ತಾಳೆ. ನನ್ನ ಅರ್ಹತೆ ಇಷ್ಟು. ಇನ್ನೊಂದನ್ನು ನಾನೇ ಹೇಳಿರಲಿಲ್ಲ: ಬೆಳಗಾವಿಯ ಆ ಸೈಟಿನಲ್ಲಿ ಹೊರಗೋಡೆಗೆ ಸಿಮೆಂಟಿನ ಗಿಲಾವ ಮಾಡುತ್ತಿದ್ದ ಗೌಂಡಿ ನನ್ನ ಅಪ್ಪನ ತಮ್ಮ, ಪಾರಿಶ್ವಾಡದ ಕಾಕಾ.

ಸೈಟಿನ ಸೇಫ್ಟಿ ಆಫೀಸರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಪದ ಉದ್ದವಾದಷ್ಟೂ ಅದರ ಕಾಯುವ ಶಕ್ತಿ ಹೆಚ್ಚು ಎಂಬುದು ಅವರ ಗಟ್ಟಿ ನಂಬಿಕೆ. ನಾನು 'ನಡುವಿನ ಬೆಲ್ಟು' ಎಂದು ಬರೆದರೆ ಅವರು 'ಪತನ ನಿರೋಧಕ ಸುರಕ್ಷತಾ ಪಟ್ಟಿ' ಎಂದು ತಿದ್ದುವರು. ಕಟ್ಟಡದ ಹೊರಮೈಗೆ ಬಿದಿರು ಹಲಗೆ ಕಟ್ಟಿ ನಿಲ್ಲಿಸುವ ಅಟ್ಟಣಿಗೆಗೆ ನಮ್ಮ ಕಡೆ ಗೌಂಡಿಗಳು ಪರಾಂಚಿ ಎನ್ನುತ್ತಾರೆ. ಹಾಗೆಂದೇ ಬರೆದೆ. ಸಾಹೇಬರು ಮುಖ ಹಿಂಡಿದರು.

"ಮರಾಠಿ ಆತಲ್ರೀ ಅದು."

"ಅದರ ಮ್ಯಾಲ ನಿಂತಾವ್ರಿಗೆ ತಿಳೀತೈತ್ರಿ."

"ಬೋರ್ಡಿನ್ಯಾಗ ಹೆಂಗ ಕಾಣತೈತಿ ವಿಚಾರ ಮಾಡ್ರಿ ಮೇಡಂ. ಶಬ್ದಕ್ಕ ತೂಕ ಇರಬೇಕು."

"ತೂಕದ್ದು ಮ್ಯಾಲಿಂದ ಬಿದ್ರ ಕೆಳಗಿನಾವ್ರು ಸಾಯತಾರ್ರಿ ಸಾಹೇಬ್ರ."

ಅವರು ನಗಲಿಲ್ಲ. ಸೈಟಿನ ಶೆಡ್ಡಿನ ಬಾಗಿಲ ಬಳಿ ಬೋರ್ಡು ಎದ್ದಿತು: ಅಟ್ಟಣಿಗೆಯ ಮೇಲೆ ಕಾರ್ಯನಿರ್ವಹಿಸುವ ಪ್ರತಿಯೊಬ್ಬ ಶ್ರಮಿಕನೂ ಪತನ ನಿರೋಧಕ ಸುರಕ್ಷತಾ ಪಟ್ಟಿಯನ್ನು ಧರಿಸತಕ್ಕದ್ದು, ಪತನ ವಲಯದಲ್ಲಿ ನಿಲ್ಲತಕ್ಕದ್ದಲ್ಲ. ಗುಂಜಿಯಿಂದ ರೈಲಿಗೆ ಬಂದು ಸಿಮೆಂಟಿನ ಮಾಲು ಕಲಸುತ್ತಿದ್ದ ಅಕ್ಕ ಅದರ ಮೂಲೆಗೆ ತನ್ನ ಬುತ್ತಿಯ ಚೀಲ ನೇತುಹಾಕಿದಳು. ಆ ಬೋರ್ಡಿನಿಂದ ಯಾರಿಗಾದರೂ ಉಪಕಾರವಾದದ್ದನ್ನು ನಾನು ಕಂಡಿದ್ದು ಅದೊಂದೇ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಪ್ರಸಾದಕ್ಕೆ ಬರ್ರಿ ಅಂದಿದ್ದರು. ಹೋದೆ. ಶೆಡ್ಡಿನ ಮೇಜಿನ ಮೇಲೆ ಹೆಲ್ಮೆಟುಗಳು ಸಾಲಾಗಿ ಕೂತಿದ್ದವು. ಅವುಗಳ ಮುಂದೆ ಬೆಲ್ಟುಗಳನ್ನು ಸುರುಳಿ ಸುತ್ತಿ ಅರಿಶಿನ, ಕುಂಕುಮ, ಚೆಂಡುಹೂವು ಏರಿಸಿದ್ದರು. ಆ ದಿನ ಪೂಜೆಗಿಟ್ಟ ಹತಾರವನ್ನು ಮರುದಿನ ದಸರೆಯ ಬನ್ನಿ ಕೊಡುವ ತನಕ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲೂ ಕುಡಗೋಲು, ಹೊಲಿಗೆ ಯಂತ್ರ ಸುಮ್ಮನೆ ಕೂಡುತ್ತವೆ. ದುಡಿಯುವ ವಸ್ತುವಿಗೆ ಒಂದು ದಿನ ರಜೆ. ಇದರ ವಿರುದ್ಧ ನನ್ನ ವಾದವೇನೂ ಇಲ್ಲ. ಆದರೆ ಹೊರಗೆ, ಮೇಲಿನಿಂದ, ಗೋಡೆಗೆ ಮಾಲು ಬಡಿಯುವ ಸದ್ದು ಕೇಳುತ್ತಿತ್ತು. ಹಬ್ಬ ಮುಗಿಯುತ್ತಲೇ ಮಾಲೀಕರು ನೋಡಲು ಬರುವವರಿದ್ದರು, ಕಟ್ಟಡದ ಮುಂಭಾಗದ ಗೋಡೆ ಮುಗಿಯಬೇಕಿತ್ತು. ಪರಾಂಚಿಯ ತುದಿಯ ಹಲಗೆಯ ಮೇಲೆ ಕಾಕಾ, ಕೈಯಲ್ಲಿ ಮಾಲು ಬಳಿಯುವ ಕರಣೆ, ಬರಿ ತಲೆ, ಬರಿ ನಡು.

"ಸಾಹೇಬ್ರ, ಮ್ಯಾಲಿನ ಗೌಂಡಿ ಬೆಲ್ಟ್ ಎಲ್ಲೈತ್ರಿ?"

"ಪೂಜಿಗೆ ಕುಂತೈತ್ರಿ."

"ಮತ್ತ ಕರಣಿ?"

"ಅದು ಕೆಲಸಕ್ಕ ಬೇಕಲ್ರೀ!"

ಇಷ್ಟು ಸ್ವಚ್ಛವಾದ ತಪ್ಪೊಪ್ಪಿಗೆಯನ್ನು ಯಾವ ವೇದಿಕೆಯಲ್ಲೂ ನಾನು ಎದುರಾಳಿಯ ಬಾಯಿಂದ ಹೊರಡಿಸಿರಲಿಲ್ಲ. ಕರಣೆ, ಸಲಿಕೆ, ಬುಟ್ಟಿ ಕೆಲಸಕ್ಕೆ ಬೇಕು, ಅವು ಕೆಲಸದಲ್ಲಿದ್ದವು. ಯಾವುದು ಬೇಡವೋ ಅದನ್ನು ದೇವರು ಮಾಡಿ ಕೂಡಿಸಿದ್ದರು. ಬೆಲ್ಟ್ ಕೊಡಿ ಎಂದೆ. ಪೂಜೆ ಮಾಡಿದ್ದಕ್ಕೆ ಕೈ ಹಚ್ಚಬಾರದು ಎಂದರು, ಆ ಗೌಂಡಿಯನ್ನೇ ಕೇಳಿ ಎಂದರು.

"ಕಾಕಾ! ಕೆಳಗ ಇಳಿ!"

ಸಾಹೇಬರ ಹುಬ್ಬು ಏರಿತು. ಕಾಕಾ ತಿರುಗಿ ನೋಡಿದ.

"ಏನ ವಕೀಲಬಾಯಿ, ಹಬ್ಬದ ದಿನಾನೂ ಕೋರ್ಟ್ ಐತೇನ?"

"ಬೆಲ್ಟ್ ಹಾಕ್ಕೊಂಡು ಏರು."

"ಖಂಡೇಪೂಜಿ ಆದ ಹತ್ಯಾರ ಎಬ್ಬಿಸಿದ್ರ ಏನಾಗತೈತಿ ಗೊತ್ತೇನ ನಿನಗ?"

"ಏನಾಗತೈತಿ?"

"ಅಪಘಾತ ಆಗತೈತಿ!"

ಗುಂಜಿಯ ಅಕ್ಕ ಸಲಿಕೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಕಾಕಾನ ಹಿಮ್ಮಡಿ ಹಲಗೆಯ ಅಂಚಿನಿಂದ ಹೊರಗೆ ಚಾಚಿತ್ತು.

"ಕೊರಳಾಗಿನ ಲಿಂಗಕ್ಕ ದಿನಾ ಪೂಜಿ ಮಾಡ್ತಿಯಲ್ಲ ಕಾಕಾ, ಮಾಡಿ ಜಗಲಿ ಮ್ಯಾಲ ಬಿಟ್ಟ ಬಂದೀಯೋ, ಮೈಮ್ಯಾಲ ಹಾಕ್ಕೊಂಡ ಬಂದೀಯೋ?"

ಅವನ ಕೈ ಕೊರಳಿಗೆ ಹೋಯಿತು. "ಅದು ಬ್ಯಾರೆ."

"ಹೆಂಗ ಬ್ಯಾರೆ?"

"ಅದು ದೇವ್ರು."

"ಬೆಲ್ಟೂ ಮುಂಜಾನಿಂದ ದೇವರ ಆಗೇತಲ್ಲ!"

"ಬಾಯಿ ಬಾಳಾತು ನಿಂದು," ಎಂದು ಗೋಡೆಗೆ ತಿರುಗಿದ.

ವಾದ ಗೆದ್ದಿದ್ದೆ. ನಿರ್ಣಾಯಕರಿದ್ದಿದ್ದರೆ ಚಪ್ಪಾಳೆಯೂ ಬೀಳುತ್ತಿತ್ತು. ಕಾಕಾ ಮಾತ್ರ ಒಂದು ಗೇಣೂ ಕೆಳಗೆ ಬಂದಿರಲಿಲ್ಲ. ಗಾಳಿ ಬೀಸಿದರೆ ಬಿದಿರು ಕಿರುಗುಟ್ಟುತ್ತಿತ್ತು. ನಾನು ನೆಟ್ಟಗೆ ಹೋಗಿ ಪರಾಂಚಿಯ ಕೆಳಗೆ, ಸಾಹೇಬರ ಪತನ ವಲಯದ ನಟ್ಟನಡುವೆ, ನಿಂತುಕೊಂಡೆ.

"ಬೀಳೂದಿದ್ರ ನನ್ನ ಮ್ಯಾಲ ಬೀಳು. ಇಲ್ಲೇ ಇರ್ತೀನಿ."

"ಸರಿ ಅತ್ಲಾಗ, ಹುಚ್ಚಿ!"

ಗೋಡೆಯಿಂದ ಜಾರಿದ ಮಾಲಿನ ಮುದ್ದೆಯೊಂದು ನನ್ನ ಹೆಗಲಿಗೆ ಬಿತ್ತು. "ಅಯ್ಯಯ್ಯ ಮೇಡಂ, ತಲಿಗೆ ಏನರ ಬಿದ್ದೀತು!" ಎನ್ನುತ್ತ ಸಾಹೇಬರು ಶೆಡ್ಡಿಗೆ ಓಡಿದರು. ಮೇಜಿನ ಮೇಲಿನ ಒಂದು ಹೆಲ್ಮೆಟನ್ನು ಎತ್ತಿ, ದಾರಿಯುದ್ದಕ್ಕೂ ಚೆಂಡುಹೂವು ಉದುರಿಸುತ್ತ ತಂದು ನನ್ನ ತಲೆಗೆ ಇಟ್ಟೇಬಿಟ್ಟರು. ಕುಂಕುಮ ನನ್ನ ಹಣೆಗೂ ಇಳಿಯಿತು.

"ಅಗ ಬಾಯಿ! ಪೂಜಿ ಮುಗೀತೇನ್ರಿ ಸಾಹೇಬ್ರ?" ಅಂದಳು ಗುಂಜಿಯ ಅಕ್ಕ.

ತಾವು ಮಾಡಿದ್ದೇನು ಎಂದು ಸಾಹೇಬರಿಗೆ ಆಗ ಹೊಳೆಯಿತು. "ಅಲ್ಲಾ, ಮೇಡಂ ಹೊರಗಿನಾವ್ರು. ಏನರ ಆದ್ರ ಜವಾಬು ಕೊಡಬೇಕಲ್ರೀ."

ಮೇಲೆ ಕರಣೆಯ ಸದ್ದು ನಿಂತಿತು.

"ಅಂದ್ರ, ನಾ ಬಿದ್ರ ಕೊಡೂದು ಬ್ಯಾಡೇನ್ರಿ?"

ಸಾಹೇಬರು ಬಗ್ಗಿ ಉದುರಿದ ಚೆಂಡುಹೂವು ಆರಿಸತೊಡಗಿದರು. ಕಾಕಾ ಇಳಿದು ಬಂದ. ನನ್ನ ಕಡೆ ನೋಡದೆ ಶೆಡ್ಡಿಗೆ ಹೋಗಿ ಕರಣೆ ತೊಳೆದ, ಬೆಲ್ಟಿನ ಬಾಜೂಕೆ ಇಟ್ಟ, ಕೈ ಮುಗಿದ.

"ಗೋಡಿ?" ಸಾಹೇಬರ ದನಿ ಸಣ್ಣದಾಗಿತ್ತು.

"ಬೆಲ್ಟ್ ಕುಂತ್ರ ಕರಣಿನೂ ಕುಂದರತೈತ್ರಿ. ಬನ್ನಿ ಕೊಟ್ಟ ಮ್ಯಾಲ ಎರಡೂ ಕೂಡೇ ಏಳತಾವ."

ಗುಂಜಿಯ ಅಕ್ಕ ಸಲಿಕೆ ತಂದು ಇಟ್ಟಳು. ಮೇಜಿನ ಮೇಲೆ ಜಾಗ ಸಾಲದೆ ಅದನ್ನು ಬೋರ್ಡಿಗೆ ಆನಿಸಬೇಕಾಯಿತು.

ಖಾನಾಪುರದ ಬಸ್ಸಿಗೆ ಕಾಯುವಾಗ ಕಾಕಾ ಗದರಿದ. "ನಿನ್ನ ವಾದಕ್ಕ ಇಳದೀನಿ ಅಂತ ತಿಳೀಬ್ಯಾಡ."

"ಮತ್ತ?"

"ನಿನ್ನ ತಲಿ ಒಡದಿದ್ರ ನಿಮ್ಮವ್ವ ನನ್ನ ಊರಾಗ ಬಿಟಗೋತಿದ್ಲೇನ?"

ಹಬ್ಬ ಮುಗಿದು ಕೆಲಸ ಶುರುವಾದ ದಿನ ಮತ್ತೆ ಹೋಗಿದ್ದೆ. ಕಾಕಾ ಬೆಲ್ಟ್ ಬಿಗಿಯುತ್ತಿದ್ದ, ಅದರ ಮೇಲಿನ ಕುಂಕುಮ ಹಾಗೇ ಇತ್ತು. ಒರೆಸಿಕೊಡಲೇ ಎಂದು ಗುಂಜಿಯ ಅಕ್ಕ ಕೇಳಿದಳು.

"ಇರಲಿ ಬಿಡ ತಂಗಿ. ಲಿಂಗಕ್ಕ ಪೂಜಿ ಮಾಡಿ ಜಗಲಿ ಮ್ಯಾಲ ಬಿಟ್ಟ ಬರ್ತೀವೇನ? ಮೈಮ್ಯಾಲ ಹಾಕ್ಕೋತೀವಿ. ಇದೂ ಹಂಗ. ಇಷ್ಟ ತಿಳೀಬೇಕು ಮನಷ್ಯಾಗ."

ನನ್ನ ವಾದ, ಅಕ್ಷರ ಬಿಡದೆ. ಅವನು ಮೇಲೇರಿ ಕೊಕ್ಕೆ ಸಿಗಿಸುವ ತನಕ, ಈ ಸಲ ತುಸು ದೂರದಲ್ಲಿ, ತಲೆ ಎತ್ತಿ ನಿಂತಿದ್ದೆ.